ನ್ಯಾಯವಿಧಾಯಕ ಸಭೆಯಲ್ಲಿ ಮುಳಬಾಗಿಲಿನ ಗುಂಡಪ್ಪನವರು

ಮೈಸೂರು ಸಂಸ್ಥಾನದಲ್ಲಿ ಶಾಸನಸಭೆಗಳು ಎರಡಿದ್ದುವೆಂಬುದು ಈಗಿನ ತರುಣರಲ್ಲಿ ಅನೇಕರಿಗೆ ಹೊಸ ಸಂಗತಿಯಾಗಿ ತೋರಬಹುದು. ಒಂದು ಪ್ರಜಾಪ್ರತಿನಿಧಿ ಸಭೆ. ಇನ್ನೊಂದು ನ್ಯಾಯವಿಧಾಯಕ ಸಭೆ. ಮೊದಲನೆಯದು ದೊಡ್ಡದು, ದಸರೆಯ ಸಡಗರದೊಡನೆ ಬೆರೆತದ್ದು, ಊರೂರಿನ ಅಹವಾಲುಗಳನ್ನು ಹೊತ್ತು ತಂದ ಪ್ರತಿನಿಧಿಗಳಿಂದ ತುಂಬಿದ್ದು. ಎರಡನೆಯದು ಚಿಕ್ಕದು, ಗಂಭೀರವಾದುದು, ಕಾಗದಪತ್ರಗಳ ನಡುವೆ ಕುಳಿತು ಕಾನೂನಿನ ಮಾತುಗಳನ್ನು ಒಂದೊಂದಾಗಿ ತೂಗತಕ್ಕದ್ದು. ಇಂಗ್ಲೆಂಡಿನ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಮೇಲ್ಮನೆ. ಈ ಮೇಲ್ಮನೆಯಲ್ಲಿ 1920ರ ದಶಕದ ಉತ್ತರಾರ್ಧದಿಂದ 1940ರವರೆಗೆ ಸದಸ್ಯರಾಗಿ ಕುಳಿತಿದ್ದವರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಒಬ್ಬರು.

ಗುಂಡಪ್ಪನವರ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಆದರೆ ಆ ಹೆಸರಿನೊಡನೆ ಜನರ ನೆನಪಿಗೆ ಬರುವುದು ಮಂಕುತಿಮ್ಮನ ಕಗ್ಗ. ಕವಿಯ ಕೀರ್ತಿಯು ಶಾಸನಸಭೆಯ ಸದಸ್ಯನನ್ನು ಮರೆಮಾಡಿಬಿಟ್ಟಿತು. ಇದು ಸಹಜವೇ, ಪದ್ಯವನ್ನು ಬಾಯಿಪಾಠ ಮಾಡಬಹುದು, ಆಯವ್ಯಯದ ಚರ್ಚೆಯನ್ನು ಯಾರು ಬಾಯಿಪಾಠ ಮಾಡುತ್ತಾರೆ? ಆದರೂ ಹತ್ತು ಹನ್ನೆರಡು ವರುಷಗಳಿಗೂ ಮೀರಿ ಒಬ್ಬ ಮನುಷ್ಯನು ತನ್ನ ಪ್ರೌಢ ವಯಸ್ಸನ್ನು ಒಂದು ಸಭೆಗೆ ಕೊಟ್ಟನೆಂದರೆ, ಆ ಸಭೆಯಿಂದ ಅವನು ಏನನ್ನು ಬಯಸಿದನು, ಸಭೆಯು ಅವನಿಗೆ ಏನನ್ನು ಕೊಡಬಲ್ಲದಾಗಿತ್ತು ಎಂಬುದನ್ನು ನಾವು ವಿಚಾರ ಮಾಡಬೇಕು. ಏಕೆಂದರೆ ಆ ಸಭೆಗೆ ಸರ್ಕಾರವನ್ನು ಇಳಿಸುವ ಶಕ್ತಿಯಿರಲಿಲ್ಲ. ಅಧಿಕಾರವಿಲ್ಲದ ಸಭೆಯಲ್ಲಿ ಆಡಿದ ಮಾತಿಗೆ ಬೆಲೆಯುಂಟೆ ಎಂಬುದೇ ಇಲ್ಲಿರುವ ಪ್ರಶ್ನೆ.

ಸಭೆಯ ಹುಟ್ಟನ್ನು ಮೊದಲು ತಿಳಿದುಕೊಳ್ಳೋಣ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲು ಕೂಡಿತು. ಬಂದವರು 144 ಮಂದಿ. ಅದು ಕೇಳುವ ಸಭೆ, ಅರಿಕೆ ಮಾಡುವ ಸಭೆ. ಕಾನೂನು ಮಾಡುವ ಸಭೆಯಲ್ಲ. ಕಾನೂನನ್ನು ಮಾಡುವುದಕ್ಕೆ ತಿಳಿದವರ ಒಂದು ಚಿಕ್ಕ ಮಂಡಲಿ ಬೇಕೆಂದು 1907ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ನ್ಯಾಯವಿಧಾಯಕ ಸಭೆಯು ಏರ್ಪಟ್ಟಿತು. ದಿವಾನರೇ ಅದರ ಅಧ್ಯಕ್ಷರು. ಅವರ ಕೌನ್ಸಿಲಿನ ಸದಸ್ಯರಲ್ಲದೆ ಹತ್ತರಿಂದ ಹದಿನೈದು ಮಂದಿ ಹೆಚ್ಚಿನ ಸದಸ್ಯರು. ಅವರಲ್ಲಿ ಐದರಲ್ಲೆರಡು ಪಾಲಿಗೆ ಕಡಮೆಯಿಲ್ಲದಂತೆ ಅಧಿಕಾರಿಗಳಲ್ಲದವರು. ಪ್ರಶ್ನೆ ಕೇಳುವ ಹಕ್ಕಾಗಲಿ ಆಯವ್ಯಯವನ್ನು ಚರ್ಚಿಸುವ ಹಕ್ಕಾಗಲಿ ಆಗ ಇರಲಿಲ್ಲ. ಅವು ಮುಂದಿನ ವರುಷಗಳಲ್ಲಿ ಒಂದೊಂದಾಗಿ ಬಂದುವು.

ಈ ಸಭೆಯು ಹುಟ್ಟಿದ ಮರುವರುಷವೇ, 1908ರಲ್ಲಿ, ವೃತ್ತಪತ್ರಿಕೆಗಳ ಮೇಲೆ ಒಂದು ಕಠಿಣವಾದ ರೆಗ್ಯುಲೇಷನ್ ಹೊರಟಿತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆಯನ್ನು ನಡಸಕೂಡದು. ಕೊಟ್ಟ ಅಪ್ಪಣೆಯನ್ನು ಸರ್ಕಾರವು ತನ್ನ ಇಷ್ಟದಂತೆ ಹಿಂದಕ್ಕೆ ತೆಗೆದುಕೊಳ್ಳಬಹುದು. ‘ತಾತಯ್ಯ’ ಎಂದು ನಾಡೆಲ್ಲ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಆಗ ಇಪ್ಪತ್ತೊಂದು ವರುಷದ ಗುಂಡಪ್ಪನವರು ಬೆಂಗಳೂರಿನ ಪತ್ರಿಕಾಲಯಗಳಲ್ಲಿ ಜೀವನವನ್ನು ಹುಡುಕುತ್ತಿದ್ದ ಹುಡುಗ. ನ್ಯಾಯವಿಧಾಯಕ ಸಭೆಯೊಡನೆ ಅವರಿಗೆ ಆದ ಮೊದಲ ಪರಿಚಯ ಇದು: ಅನ್ನಕ್ಕೂ ಮಾತಿಗೂ ಒಟ್ಟಿಗೆ ಬಿದ್ದ ಪೆಟ್ಟು. ಅಂಥ ಸಭೆಯ ಬಾಗಿಲನ್ನೇ ಮುಂದೆ ಅವರು ದಾಟಿ ಒಳಗೆ ಹೋದರು. ಪೆಟ್ಟು ಕೊಟ್ಟ ಸಂಸ್ಥೆಯನ್ನು ಕೆಡವಬೇಕೆಂದಲ್ಲ, ತಿದ್ದಬೇಕೆಂದು. ಅವರ ರಾಜಕೀಯದ ಸ್ವಭಾವವೆಲ್ಲ ಇದರಲ್ಲಿದೆಯೆಂದು ನಮ್ಮ ಅಭಿಪ್ರಾಯ.

ಮುಳಬಾಗಿಲೆಂಬುದು ಸಂಸ್ಥಾನದ ಪೂರ್ವದ ಅಂಚು. ಅಲ್ಲಿಂದ ಮುಂದೆ ಘಟ್ಟವಿಳಿದರೆ ತೆಲುಗುನಾಡು, ತೆಂಕಕ್ಕೆ ತಿರುಗಿದರೆ ತಮಿಳುನಾಡು. ಆಂಜನೇಯನ ಗುಡಿಯ ಆ ಊರಿನಲ್ಲಿ ಕನ್ನಡ ತೆಲುಗು ಎರಡೂ ಒಂದೇ ಜಗಲಿಯ ಮೇಲೆ ಕುಳಿತುಕೊಳ್ಳುತ್ತವೆ. ಸಂಸ್ಕೃತವೂ ಹಿಂದಿನಿಂದ ಬಂದದ್ದು. ಗುಂಡಪ್ಪನವರು 1887ರ ಮಾರ್ಚ್ 17ರಂದು ಅಲ್ಲಿ ಹುಟ್ಟಿ, ಮುಳಬಾಗಿಲು, ಮೈಸೂರು, ಕೋಲಾರಗಳಲ್ಲಿ ಓದಿದರು. ಶಾಲೆಯ ಓದು ಮೆಟ್ರಿಕ್ಯುಲೇಷನ್ನಿನ ಹೊಸಲಿನಲ್ಲೇ ನಿಂತಿತು. ಬಿ. ಎ., ಬಿ. ಎಲ್. ಎಂಬ ಅಕ್ಷರಗಳಿಲ್ಲದೆ ಶಾಸನಸಭೆಯಲ್ಲಿ ಕುಳಿತು ವಕೀಲರೊಡನೆ ಕಾನೂನನ್ನೂ, ಐ. ಸಿ. ಎಸ್. ಅಧಿಕಾರಿಗಳೊಡನೆ ಹಣಕಾಸನ್ನೂ ವಾದಿಸಬೇಕಾದವರು ಎಷ್ಟು ಓದಿಕೊಳ್ಳಬೇಕೆಂಬುದನ್ನು ಶ್ರೋತೃಗಳು ಊಹಿಸಿಕೊಳ್ಳಬಹುದು. ಅದೇ ವಿದ್ಯಾವಂತನಲ್ಲದ ವಿದ್ಯಾವಂತನನ್ನು ಮೈಸೂರು ವಿಶ್ವವಿದ್ಯಾನಿಲಯವು ತನ್ನ ಸೆನೆಟ್ಟಿಗೂ ಸದಸ್ಯನನ್ನಾಗಿ ಮಾಡಿಕೊಂಡಿತು. 1961ರಲ್ಲಿ ಡಾಕ್ಟರ್ ಪದವಿಯನ್ನೂ ಕೊಟ್ಟಿತು.

1913ರಲ್ಲಿ ಅವರು ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ಅದೇ ವರುಷ ನ್ಯಾಯವಿಧಾಯಕ ಸಭೆಯಲ್ಲಿ ಒಂದು ಒಳ್ಳೆಯ ಕಾರ್ಯವಾಯಿತು. ಗೋಪಾಲಕೃಷ್ಣ ಗೋಖಲೆಯವರು ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯ ಮಾಡುವುದಕ್ಕಾಗಿ 1911ರ ಮಾರ್ಚಿಯಲ್ಲಿ ಭಾರತ ಸರ್ಕಾರದ ಶಾಸನಸಭೆಯ ಮುಂದೆ ಒಂದು ಮಸೂದೆಯನ್ನು ಇಟ್ಟಿದ್ದರು. ಮರುವರುಷ ಅದು 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಸಾಮ್ರಾಜ್ಯದ ರಾಜಧಾನಿಯಲ್ಲಿ ಬಿದ್ದುಹೋದ ಆ ತತ್ತ್ವವನ್ನು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು, 1913ರ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನಿನಲ್ಲಿ ಎತ್ತಿಹಿಡಿಯಿತು. 1916ರಲ್ಲಿ ವಿಶ್ವವಿದ್ಯಾನಿಲಯದ ಶಾಸನವೂ ಆಯಿತು. 1908ರ ಪತ್ರಿಕಾ ಶಾಸನವನ್ನು ಮಾಡಿದ್ದೂ ಇದೇ ಸಂಸ್ಥಾನ. ಮಕ್ಕಳಿಗೆ ಶಾಲೆಯನ್ನು ಕಡ್ಡಾಯ ಮಾಡಿದ್ದೂ ಇದೇ ಸಂಸ್ಥಾನ. ದಿವಾನರು ಒಳ್ಳೆಯವರಾದರೆ ಒಳ್ಳೆಯ ಕಾನೂನು, ಬಿಗಿಯಾದರೆ ಬಿಗಿಯಾದ ಕಾನೂನು! ಸಭೆಗೆ ತನ್ನದೆಂಬ ಸ್ವಭಾವವು ಇನ್ನೂ ಬಂದಿರಲಿಲ್ಲ.

ಆ ಸ್ವಭಾವವನ್ನು ಕೊಡಲು ಯತ್ನಿಸಿದ್ದು 1923ರ ಸುಧಾರಣೆ. ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ತತ್ತ್ವಜ್ಞಾನಿಗಳೂ ಆಗಿದ್ದ ಬ್ರಜೇಂದ್ರನಾಥ ಸೀಲರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ಕುಳಿತು, ಎರಡು ಸಭೆಗಳಿಗೂ ಹೊಸ ರೂಪವನ್ನು ಸೂಚಿಸಿತು. ನ್ಯಾಯವಿಧಾಯಕ ಸಭೆಯಲ್ಲಿ ಇನ್ನು ಮೇಲೆ 50 ಸ್ಥಾನಗಳು. ಅವುಗಳಲ್ಲಿ 20 ಅಧಿಕಾರಿಗಳಿಗೆ. ಉಳಿದ 30ರಲ್ಲಿ 22 ಚುನಾವಣೆಯಿಂದ, 8 ಸರ್ಕಾರದ ನಾಮಕರಣದಿಂದ. ಸದಸ್ಯರು ಪ್ರಶ್ನೆ ಕೇಳಬಹುದು, ನಿರ್ಣಯಗಳನ್ನು ತರಬಹುದು, ಆಯವ್ಯಯದ ಒಂದೊಂದು ಬಾಬಿನ ಮೇಲೂ ಮತ ಕೊಡಬಹುದು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ ಹಣದ ಚೀಲವು ಕೆಳಮನೆಯ ಕೈಯಲ್ಲಿದೆ. 1911ರ ಪಾರ್ಲಿಮೆಂಟ್ ಶಾಸನವಾದ ಮೇಲೆ ಪ್ರಭುಗಳ ಮನೆಗೆ ಅದರ ದಾರವನ್ನು ಮುಟ್ಟುವ ಹಕ್ಕೂ ಹೋಯಿತು. ಮೈಸೂರಿನಲ್ಲಿ ಇದು ತಲೆಕೆಳಗು. ಇನ್ನೂರೈವತ್ತಕ್ಕೂ ಹೆಚ್ಚು ಮಂದಿಯ ಪ್ರಜಾಪ್ರತಿನಿಧಿ ಸಭೆಯು ಆಯವ್ಯಯದ ಮೇಲೆ ಅಭಿಪ್ರಾಯವನ್ನು ಹೇಳಬಹುದಾಗಿತ್ತು. ಮತ ಕೊಡುವ ಹಕ್ಕು ಐವತ್ತು ಮಂದಿಯ ಚಿಕ್ಕ ಮನೆಗೆ. ಮೇಲ್ಮನೆಯೆಂಬ ಹೆಸರಿದ್ದರೂ ಕೆಲಸದಲ್ಲಿ ಅದೇ ಮುಖ್ಯವಾದ ಮನೆಯಾಯಿತು.

ಆದರೆ ಈ ಹಕ್ಕಿಗೆ ಬೇಲಿಗಳಿದ್ದುವು. ಅರಮನೆಯ ವಿಷಯ, ಸೈನ್ಯದ ವಿಷಯ, ಬ್ರಿಟಿಷ್ ಚಕ್ರಾಧಿಪತ್ಯದೊಡನೆ ಸಂಸ್ಥಾನಕ್ಕಿರುವ ಸಂಬಂಧದ ವಿಷಯ: ಇವು ಸಭೆಗೆ ಹೊರಗು. ಸಭೆಯು ತಳ್ಳಿಹಾಕಿದ ಬಾಬನ್ನು ಸರ್ಕಾರವು ಅವಶ್ಯವೆಂದು ಕಂಡರೆ ಮತ್ತೆ ಸೇರಿಸಿಕೊಳ್ಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಯಾರ ಆಡಳಿತವನ್ನು ಸದಸ್ಯರು ವಿಮರ್ಶಿಸಬೇಕೋ ಆ ದಿವಾನರೇ ಅಧ್ಯಕ್ಷಪೀಠದ ಮೇಲೆ ಕುಳಿತಿರುವರು. ಪ್ರತಿವಾದಿಯೇ ನ್ಯಾಯಾಧೀಶ! ಗುಂಡಪ್ಪನವರು ಸದಸ್ಯರಾಗಿದ್ದ ಅವಧಿಯಲ್ಲಿ ಆ ಪೀಠದಲ್ಲಿದ್ದವರು ಸರ್ ಮಿರ್ಜಾ ಇಸ್ಮಾಯಿಲರು. 1926ರಿಂದ 1941ರವರೆಗೆ ದಿವಾನರು, ಸೌಜನ್ಯವುಳ್ಳವರು, ಚೆಲುವನ್ನು ಪ್ರೀತಿಸಿದವರು, ಊರೂರಿನಲ್ಲಿ ಉದ್ಯಾನಗಳನ್ನೂ ದೀಪಗಳನ್ನೂ ನಿಲ್ಲಿಸಿದವರು. ಒರಟು ದಿವಾನನನ್ನು ವಿರೋಧಿಸುವುದು ಸುಲಭ, ವಿನಯಶೀಲನಾದ, ಕೆಲಸಗಾರನಾದ ದಿವಾನನ ಎದುರು ನಿಂತು, ‘ತಾವು ಮಾಡಿದ್ದು ಒಳ್ಳೆಯದೇ, ಆದರೆ ಅದನ್ನು ಮಾಡುವ ಅಧಿಕಾರವು ಜನರಿಂದ ಬರಬೇಕು’ ಎಂದು ವಾದಿಸುವುದು ಕಷ್ಟ. ಮೈಸೂರಿನ ಉದಾರವಾದಿಗಳಿಗೆ ಒದಗಿದ್ದು ಈ ಕಷ್ಟವಾದ ಕೆಲಸ.

ಇದಕ್ಕೆ ಅವರು ಎಲ್ಲಿಂದ ಮಾದರಿಯನ್ನು ತಂದರೆಂಬುದು ಸ್ಪಷ್ಟವಾಗಿದೆ. ಗೋಖಲೆಯವರನ್ನು ಗುಂಡಪ್ಪನವರು ಗುರುವೆಂದೇ ಭಾವಿಸಿದ್ದರು. ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರು. ಗೋಖಲೆಯವರು ಕುಳಿತದ್ದೂ ಇಂಥದೇ ಸಭೆ: ಅಧಿಕಾರಿಗಳದೇ ಬಹುಮತ, ವೈಸರಾಯರದೇ ಅಧ್ಯಕ್ಷತೆ. 1902ರ ಮಾರ್ಚ್ 26ರಂದು ಅವರು ಅಲ್ಲಿ ಮಾಡಿದ ಮೊದಲ ಆಯವ್ಯಯದ ಭಾಷಣವು ಪ್ರಸಿದ್ಧವಾಗಿದೆ. ಬೊಕ್ಕಸದಲ್ಲಿ ಹಣ ಮಿಕ್ಕಿದೆಯೆಂದು ಸರ್ಕಾರವು ಹಿಗ್ಗುತ್ತಿದ್ದಾಗ, ಕ್ಷಾಮದಿಂದ ನೊಂದ ದೇಶದಲ್ಲಿ ಹಣ ಮಿಕ್ಕಿದೆಯೆಂದರೆ ತೆರಿಗೆಯು ಹೆಚ್ಚಾಗಿದೆಯೆಂದೇ ಅರ್ಥವೆಂದು, ಸರ್ಕಾರದ್ದೇ ಅಂಕಿಗಳಿಂದ ಅವರು ತೋರಿಸಿಕೊಟ್ಟರು. ಆ ದಿನ ಯಾವ ಮತವನ್ನೂ ಅವರು ಗೆಲ್ಲಲಿಲ್ಲ. ಮತ ಹಾಕುವ ಅವಕಾಶವೇ ಇರಲಿಲ್ಲ. ಆದರೆ ಮರುವರುಷ ಉಪ್ಪಿನ ತೆರಿಗೆಯು ಮಣಕ್ಕೆ ಎರಡೂವರೆ ರೂಪಾಯಿಯಿಂದ ಎರಡು ರೂಪಾಯಿಗೆ ಇಳಿಯಿತು. 1907ರ ಹೊತ್ತಿಗೆ ಒಂದು ರೂಪಾಯಿಗೆ ಬಂತು. ಅಂಕಿಯನ್ನು ಅರಿತು, ಧ್ವನಿಯನ್ನು ಏರಿಸದೆ, ಪ್ರತಿಪಕ್ಷದವನ ಬುದ್ಧಿಗೇ ಮನವಿ ಮಾಡುವುದು: ಇದು ಗೋಖಲೆಯವರ ಸಂಪ್ರದಾಯ. ಅವರ ತರುವಾಯ ಅದನ್ನು ವಹಿಸಿದವರು ವಿ. ಎಸ್. ಶ್ರೀನಿವಾಸಶಾಸ್ತ್ರಿಗಳು. 1919ರ ಫೆಬ್ರವರಿಯಲ್ಲಿ ರೌಲತ್ ಮಸೂದೆಗೆ ವಿರುದ್ಧವಾಗಿ ಅವರು ಆಡಿದ ಮಾತು ಮಸೂದೆಯನ್ನು ತಡೆಯಲಿಲ್ಲ, ಆದರೆ ಅದರ ನ್ಯಾಯವನ್ನು ಕಳೆಯಿತು. ಶಾಸ್ತ್ರಿಗಳು ಗುಂಡಪ್ಪನವರಿಗೆ ಹಿರಿಯ ಸ್ನೇಹಿತರು.

ಈ ಸಂಪ್ರದಾಯದಲ್ಲಿ ಬಂದವನಿಗೆ ಸಭೆಯೆಂದರೆ ಒಂದು ಪಾಠಶಾಲೆ. ಅಲ್ಲಿ ಕಲಿಯತಕ್ಕವರು ಸರ್ಕಾರದವರೂ ಹೌದು, ಪ್ರಜೆಗಳೂ ಹೌದು. ಪ್ರಶ್ನೆಯೊಂದನ್ನು ಕೇಳಿದರೆ ಸರ್ಕಾರವು ಉತ್ತರವನ್ನು ಬರೆಯಬೇಕಾಗುತ್ತದೆ. ಬರೆದ ಉತ್ತರವು ಅಚ್ಚಾಗುತ್ತದೆ. ಅಚ್ಚಾದದ್ದನ್ನು ಪತ್ರಿಕೆಗಳು ಎತ್ತಿಕೊಳ್ಳುತ್ತವೆ. ಪತ್ರಿಕೆಯೂ ಶಾಸನಸಭೆಯೂ ಒಂದೇ ಗಾಡಿಯ ಎರಡು ಚಕ್ರಗಳು. 1928ರಲ್ಲಿ ಬಾಗಲಕೋಟೆಯಲ್ಲಿ ಕೂಡಿದ ಕರ್ನಾಟಕದ ಪತ್ರಕರ್ತರ ಮೊದಲ ಸಮ್ಮೇಳನಕ್ಕೆ ಗುಂಡಪ್ಪನವರೇ ಅಧ್ಯಕ್ಷರು. ಒಂದು ಕಡೆ ಶಾಸನಸಭೆಯ ಸದಸ್ಯತ್ವ, ಒಂದು ಕಡೆ ಪತ್ರಕರ್ತರ ಮುಂದಾಳುತನ. 1908ರಲ್ಲಿ ಒಂದು ಇನ್ನೊಂದನ್ನು ಕಟ್ಟಿಹಾಕಿತ್ತು, ಇಪ್ಪತ್ತು ವರುಷಗಳ ಮೇಲೆ ಎರಡೂ ಒಬ್ಬನಲ್ಲೇ ಕೂಡಿದುವು.

ಗುಂಡಪ್ಪನವರು ಸದಸ್ಯರಾಗಿದ್ದ ವರುಷಗಳಲ್ಲಿ ಸಂಸ್ಥಾನದಲ್ಲಿ ಆದ ಶಾಸನಗಳನ್ನು ನೋಡಿದರೆ ಮೇಲ್ಮನೆಯ ದಿನನಿತ್ಯದ ಕೆಲಸವೆಂಥದೆಂಬುದು ತಿಳಿಯುತ್ತದೆ. 1928ರಲ್ಲಿ ಸಾಲದಿಂದ ಬಳಲಿದ ರೈತರ ಪರಿಹಾರದ ಶಾಸನವಾಯಿತು. ಕೋಲಾರದಂಥ ಮಳೆಯನ್ನು ನಂಬಿದ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ. ನದಿಯ ನಾಲೆಯಿಲ್ಲದ ನಾಡು ಅದು. ಕೆರೆ ತುಂಬಿದರೆ ಬತ್ತ, ತುಂಬದಿದ್ದರೆ ರಾಗಿ, ರಾಗಿಯೂ ಕೈಕೊಟ್ಟರೆ ಸಾಹುಕಾರ. 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವಾಯಿತು. ಹಿಂದೆ ಮುಖ್ಯ ನ್ಯಾಯಾಧೀಶರಾಗಿದ್ದ ಕೆ. ಎಸ್. ಚಂದ್ರಶೇಖರಯ್ಯರ್ ಅವರ ಸಮಿತಿಯು ಅದಕ್ಕೆ ಅಡಿಪಾಯ ಹಾಕಿತು. ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೆ ಕುಟುಂಬದ ಆಸ್ತಿಯ ವಿಭಾಗದಲ್ಲಿ ಒಂದು ಪಾಲು. ಸ್ತ್ರೀಧನಕ್ಕೆ ಸ್ಪಷ್ಟವಾದ ವ್ಯಾಖ್ಯೆ. ಬ್ರಿಟಿಷ್ ಇಂಡಿಯಾದಲ್ಲಿ ಹಿಂದೂ ವಿಧವೆಯ ಆಸ್ತಿಯ ಹಕ್ಕಿನ ಶಾಸನವು ಬಂದದ್ದು ನಾಲ್ಕು ವರುಷ ಈಚೆಗೆ, 1937ರಲ್ಲಿ. ಇಂಥ ಶಾಸನಗಳಲ್ಲಿ ಒಂದು ಪದವು ಹೆಚ್ಚುಕಡಮೆಯಾದರೆ ಒಂದು ಮನೆಯ ಹೆಂಗಸಿನ ಅನ್ನ ಹೆಚ್ಚುಕಡಮೆಯಾದೀತು. ಧರ್ಮಶಾಸ್ತ್ರವನ್ನು ಸಂಸ್ಕೃತದಲ್ಲೇ ಓದಿ, ಮಿಲ್, ಬರ್ಕ್ ಮುಂತಾದವರನ್ನು ಇಂಗ್ಲಿಷಿನಲ್ಲಿ ಓದಿ, ಎರಡನ್ನೂ ಒಂದರೆದುರಿಗೊಂದು ಇಟ್ಟು ನೋಡಬಲ್ಲ ಸದಸ್ಯರು ಎಷ್ಟು ಮಂದಿ ಸಿಕ್ಕಿಯಾರು? ಅಂಥ ಮನೆಯಲ್ಲಿ ಗುಂಡಪ್ಪನವರಂಥವರು ಇರುವುದೇ ಒಂದು ಕೆಲಸ.

ಹಣದ ವಿಷಯಕ್ಕೆ ಬಂದರೆ ಬೇಲಿಯು ಎಷ್ಟು ಹತ್ತಿರದಲ್ಲಿತ್ತೆಂಬುದು ಕಾಣುತ್ತದೆ. 1799ರ ಒಡಂಬಡಿಕೆಯಂತೆ ಮೈಸೂರು ಕಂಪೆನಿಗೆ ವರುಷವರುಷವೂ ಕೊಡಬೇಕಾಗಿದ್ದ ಪೊಗದಿಯು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. 1881ರಲ್ಲಿ ರಾಜ್ಯವನ್ನು ಹಿಂದಕ್ಕೆ ಕೊಡುವಾಗ ಅದಕ್ಕೆ ಹತ್ತೂವರೆ ಲಕ್ಷವನ್ನು ಸೇರಿಸಿ ಮೂವತ್ತೈದು ಲಕ್ಷ ಮಾಡಿದರು. ಹೆಚ್ಚಳದ ವಸೂಲಿಯು 1896ರಿಂದ ಆರಂಭವಾಯಿತು. ಸಂಸ್ಥಾನವು ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ ಕೊಡುವ ಒಂದೊಂದು ಸಾವಿರಕ್ಕೂ ಸದಸ್ಯರು ಮತ ಕೊಡಬಹುದಾಗಿತ್ತು. ಈ ಮೂವತ್ತೈದು ಲಕ್ಷವನ್ನು ಮಾತ್ರ ಮತಕ್ಕೆ ಹಾಕುವಂತಿರಲಿಲ್ಲ. 1927ರಲ್ಲಿ ಲಾರ್ಡ್ ಇರ್ವಿನ್ನರು ಹತ್ತೂವರೆ ಲಕ್ಷವನ್ನು ಬಿಟ್ಟುಕೊಡುವುದಾಗಿ ಸಾರಿದರು. ಬಿಟ್ಟುಕೊಟ್ಟದ್ದು ವೈಸರಾಯರ ಔದಾರ್ಯದಿಂದ, ಮೈಸೂರಿನ ಸಭೆಯ ಹಕ್ಕಿನಿಂದಲ್ಲ. ಕೋಲಾರದ ನೆಲದಿಂದ ಚಿನ್ನ ಬರುತ್ತಿತ್ತು. ಗಣಿಗಳ ರಾಜಧನವು ಸಂಸ್ಥಾನದ ಬೊಕ್ಕಸಕ್ಕೆ ದೊಡ್ಡ ಆಧಾರ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ತೊಂಬತ್ತೆರಡು ಮೈಲಿ ದಾಟಿ ಮೊದಲು ಬಂದು ದುಡಿದದ್ದೂ ಆ ಗಣಿಗಳಲ್ಲೇ. ನೆಲ ನಮ್ಮದು, ನೀರು ನಮ್ಮದು. ಆದರೆ ಸಂಸ್ಥಾನದ ಮೇಲಣ ಅತಿದೊಡ್ಡ ಭಾರದ ವಿಷಯದಲ್ಲಿ ಸಂಸ್ಥಾನದ ಸಭೆಗೆ ತೀರ್ಮಾನವಿಲ್ಲ.

ಈ ಬೇಲಿಯ ಆಚೆಗಿದ್ದ ವಿಷಯವೇ ಗುಂಡಪ್ಪನವರ ಜೀವದ ವಿಷಯ. ದೇಶೀಯ ಸಂಸ್ಥಾನಗಳ ಪ್ರಜೆಗಳಿಗೂ ಬ್ರಿಟಿಷ್ ಸಾರ್ವಭೌಮತ್ವಕ್ಕೂ ಇರುವ ಸಂಬಂಧವೇನು? ಒಡಂಬಡಿಕೆಗಳು ರಾಜರೊಡನೆ ಆದುವು, ರಾಜ್ಯವೆಂದರೆ ರಾಜನೊಬ್ಬನೇ? 1917ರಷ್ಟು ಹಿಂದೆಯೇ ಅವರು ದೇಶೀಯ ಸಂಸ್ಥಾನಗಳ ಸಮಸ್ಯೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದಿದ್ದರು. 1927ರಲ್ಲಿ ನೇಮಕವಾಗಿ 1929ರಲ್ಲಿ ವರದಿ ಕೊಟ್ಟ ಬಟ್ಲರ್ ಸಮಿತಿಯು, ಮುಂದೆ ಭಾರತದಲ್ಲಿ ಶಾಸನಸಭೆಗೆ ಹೊಣೆಯಾದ ಸರ್ಕಾರವೊಂದು ಬಂದರೆ ರಾಜರ ಸಮ್ಮತಿಯಿಲ್ಲದೆ ಅವರನ್ನು ಅದಕ್ಕೆ ಒಪ್ಪಿಸಕೂಡದೆಂದು ಹೇಳಿತು. ರಾಜರ ಸಮ್ಮತಿ! ಪ್ರಜೆಗಳ ಸಮ್ಮತಿಯ ಮಾತಿಲ್ಲ. 1931ರಲ್ಲಿ, ದುಂಡುಮೇಜಿನ ಪರಿಷತ್ತುಗಳು ನಡೆಯುತ್ತಿದ್ದ ಕಾಲದಲ್ಲಿ, ಭಾರತದ ರಾಜ್ಯಾಂಗದಲ್ಲಿ ಸಂಸ್ಥಾನಗಳಿಗೂ ಅವುಗಳ ಪ್ರಜೆಗಳಿಗೂ ದೊರೆಯಬೇಕಾದ ಸ್ಥಾನವನ್ನು ಕುರಿತು ಗುಂಡಪ್ಪನವರು ಇನ್ನೊಂದು ಪುಸ್ತಕವನ್ನು ಪ್ರಕಟಿಸಿದರು. ಪ್ರಜೆಯ ಹೆಸರು ಪುಸ್ತಕದ ಹೆಸರಿನಲ್ಲೇ ಇತ್ತು. ಸಭೆಯ ನಿಯಮವು ಯಾವುದನ್ನು ಹೊರಗಿಟ್ಟಿತೋ ಅದನ್ನು ಅಚ್ಚಿನಲ್ಲಿ ಒಳಕ್ಕೆ ತಂದರು. ಆದುದರಿಂದ ಅವರ ಈ ಪುಸ್ತಕಗಳನ್ನು ಸಭೆಯ ಚರ್ಚೆಗೆ ಸೇರಿದ ಭಾಗವೆಂದೇ ನಾವು ಎಣಿಸುತ್ತೇವೆ. ಮಾತು ಒಂದೇ, ಆಡಿದ ಜಾಗ ಬೇರೆ.

ಇದು ಬರಿಯ ಸಿದ್ಧಾಂತವಾಗಿರಲಿಲ್ಲ. 1935ರ ಭಾರತ ಸರ್ಕಾರದ ಶಾಸನವು ಇಡೀ ದೇಶಕ್ಕೆ ಒಂದು ಮೇಲ್ಮನೆಯನ್ನು ಯೋಜಿಸಿತು. ಅದರಲ್ಲಿ ಒಟ್ಟು 260 ಸ್ಥಾನಗಳು, ಸಂಸ್ಥಾನಗಳಿಗೆ 104. ಕೆಳಮನೆಯ 375ರಲ್ಲಿ ಸಂಸ್ಥಾನಗಳಿಗೆ 125. ಮೈಸೂರಿಗೆ ಮೇಲ್ಮನೆಯಲ್ಲಿ ಮೂರು, ಕೆಳಮನೆಯಲ್ಲಿ ಏಳು. ಈ ಹತ್ತು ಮಂದಿಯನ್ನು ಆರಿಸತಕ್ಕವರು ಯಾರು? ಶಾಸನದ ಪ್ರಕಾರ ರಾಜರು. ಬ್ರಿಟಿಷ್ ಇಂಡಿಯಾದ ಪ್ರತಿನಿಧಿಯು ಜನರ ಮತದಿಂದ ಬಂದರೆ ಅವನ ಪಕ್ಕದಲ್ಲಿ ಮೈಸೂರಿನ ಪ್ರತಿನಿಧಿಯು ನೇಮಕದಿಂದ ಬಂದು ಕುಳಿತುಕೊಳ್ಳಬೇಕು. ಅರ್ಧ ಶತಮಾನದಿಂದ ಪ್ರಜಾಪ್ರತಿನಿಧಿ ಸಭೆಯನ್ನು ನಡಸಿಕೊಂಡು ಬಂದ ಸಂಸ್ಥಾನಕ್ಕೆ ಇದು ಗೌರವವಲ್ಲ. ಸಂಸ್ಥಾನದ ಜನರೇ ತಮ್ಮ ಪ್ರತಿನಿಧಿಗಳನ್ನು ಆರಿಸಬೇಕೆಂಬುದು ಗುಂಡಪ್ಪನವರಂಥವರ ವಾದ. ಯುದ್ಧವು ಬಂದು 1939ರ ಸೆಪ್ಟೆಂಬರಿನಲ್ಲಿ ಈ ಒಕ್ಕೂಟದ ಯೋಜನೆಯು ನಿಂತುಹೋಯಿತು. ಆ ಮೇಲ್ಮನೆಯು ಎಂದಿಗೂ ಕೂಡಲಿಲ್ಲ.

ಅಷ್ಟರಲ್ಲಿ ಕೋಲಾರ ಜಿಲ್ಲೆಯೇ ಬೇರೆ ಭಾಷೆಯಲ್ಲಿ ಮಾತನಾಡಿತ್ತು. 1938ರ ಏಪ್ರಿಲ್ 11ರಂದು ಶಿವಪುರದಲ್ಲಿ ಕಾಂಗ್ರೆಸ್ಸಿನವರು ನಿಷೇಧವನ್ನು ಮೀರಿ ಧ್ವಜವನ್ನು ಏರಿಸಿದರು. ಎರಡು ವಾರಗಳ ಮೇಲೆ, ಏಪ್ರಿಲ್ 25ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರೀಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಕೂಡಿದ್ದ ಜನದ ಮೇಲೆ ಪೊಲೀಸರು ಗುಂಡು ಹಾರಿಸಿದರು. 2007ರಿಂದ ಆ ಸ್ಥಳವು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನದ ಲೆಕ್ಕಕ್ಕೂ ಬಹಳ ಅಂತರವಾಯಿತು. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದರು, ದಿವಾನರೊಡನೆ ಒಪ್ಪಂದವಾಯಿತು, ವೇಪ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಯಿತು. ಹದಿನೈದು ವರುಷಗಳಿಂದ ಶಾಸನಸಭೆಯಲ್ಲಿ ವಾದಿಸಿದರೂ ಬಾರದ ವೇಗವು ಕೆಲವು ವಾರಗಳಲ್ಲಿ ಬಂತು. ರಾಜ್ಯಾಂಗದ ಸುಧಾರಣೆಗೆ ಮತ್ತೊಂದು ಸಮಿತಿಯು ಕುಳಿತದ್ದೂ ಆ ವರುಷವೇ.

ಇಲ್ಲಿ ಕೋಲಾರ ಜಿಲ್ಲೆಯ ಇನ್ನೊಬ್ಬ ಮಗನನ್ನು ಹೆಸರಿಸಬೇಕು. ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರು ಗುಂಡಪ್ಪನವರಿಗಿಂತ ಹದಿನೈದು ವರುಷ ಚಿಕ್ಕವರು, 1902ರಲ್ಲಿ ಹುಟ್ಟಿದವರು. ಪ್ರಜಾಪಕ್ಷವನ್ನು ಕಟ್ಟಿದವರಲ್ಲಿ ಒಬ್ಬರು. ಆ ಪಕ್ಷವು 1934ರಲ್ಲಿ ಪ್ರಜಾಮಿತ್ರಮಂಡಲಿಯೊಡನೆ ಕೂಡಿ, 1937ರಲ್ಲಿ ಕಾಂಗ್ರೆಸ್ಸಿನಲ್ಲಿ ಬೆರೆಯಿತು. ರೆಡ್ಡಿಯವರದು ಹಳ್ಳಿಗಳನ್ನು ಕೂಡಿಸುವ ದಾರಿ, ಗುಂಡಪ್ಪನವರದು ಬುದ್ಧಿಯನ್ನು ಒಪ್ಪಿಸುವ ದಾರಿ. ನ್ಯಾಯವಾಗಿ ನೋಡಿದರೆ ಎರಡನೆಯ ದಾರಿಗೆ ಒಂದು ದೊಡ್ಡ ಕೊರತೆಯಿತ್ತೆಂಬುದನ್ನು ನಾವು ಮುಚ್ಚಿಡಲಾರೆವು. ಮತ ಕೊಡುವ ಹಕ್ಕು ಕಂದಾಯ ಕೊಡುವವರಿಗೆ, ತೆರಿಗೆ ಕಟ್ಟುವವರಿಗೆ, ವಿದ್ಯಾರ್ಹತೆಯುಳ್ಳವರಿಗೆ. ಮುಳಬಾಗಿಲಿನ ಕೂಲಿಯವನಿಗೂ ಚಿನ್ನದ ಗಣಿಯ ಸುರಂಗದಲ್ಲಿ ಇಳಿಯುವವನಿಗೂ ಆ ಮನೆಯೊಳಗೆ ಯಾರೂ ಇರಲಿಲ್ಲ. ಚರ್ಚೆಯು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಗುಂಡು ಬಿದ್ದವರು ಅದನ್ನು ಓದಿದವರಲ್ಲ. ಸಭೆಯೊಳಗಿನ ವಾದವು ಎಷ್ಟು ಶುದ್ಧವಾಗಿದ್ದರೂ ಹೊರಗಿನ ಜನದ ಒತ್ತು ಇಲ್ಲದಿದ್ದರೆ ದಿವಾನರು ಅದನ್ನು ಮೆಚ್ಚಿಕೊಂಡು ಬದಿಗಿಡಬಹುದಾಗಿತ್ತು.

ಆದರೆ ಇದನ್ನೂ ಹೇಳಬೇಕು. 1938ರ ಬೀದಿಯಲ್ಲಿ ಜನರು ಕೇಳಿದ್ದು ಏನು? ಜವಾಬ್ದಾರಿ ಸರ್ಕಾರ. ಆ ಮಾತಿಗೆ ಅರ್ಥವೇನು, ಮಹಾರಾಜರ ಸ್ಥಾನವೇನು, ಮಂತ್ರಿಯು ಯಾರಿಗೆ ಹೊಣೆ, ಆಯವ್ಯಯವು ಯಾರ ಕೈಯಲ್ಲಿರಬೇಕು ಎಂಬುದನ್ನೆಲ್ಲ ಬಿಡಿಸಿ ಬಿಡಿಸಿ ನಾಡಿಗೆ ಹೇಳಿದವರು ಯಾರು? ಘೋಷಣೆಯೊಳಗಿನ ಶಬ್ದವು ಆಕಾಶದಿಂದ ಬೀಳುವುದಿಲ್ಲ. ಯಾವನೋ ಒಬ್ಬನು ಹಿಂದೆ ಕುಳಿತು ಅದನ್ನು ಕಡೆದಿರಬೇಕು. ರಾಜನೂ ಪ್ರಜೆಯೂ ಇಬ್ಬರೂ ಕಾನೂನಿಗೆ ಒಳಪಟ್ಟವರೆಂಬ ವಿಚಾರವನ್ನು ಮೈಸೂರಿನಲ್ಲಿ ವರುಷಗಟ್ಟಲೆ ಬಿತ್ತಿದವರಲ್ಲಿ ಗುಂಡಪ್ಪನವರು ಮುಖ್ಯರು. ಕೊಯ್ದವರು ಬೇರೆಯವರಾದರೆ ಬಿತ್ತಿದವನಿಗೆ ಅಸೂಯೆಯಿರಬೇಕಾಗಿಲ್ಲ, ಅವರಿಗಿತ್ತೆಂದು ತೋರುವುದಿಲ್ಲ.

1940ರಲ್ಲಿ ಮೈಸೂರು ಸರ್ಕಾರದ ಹೊಸ ಶಾಸನವು ಬಂತು. ನ್ಯಾಯವಿಧಾಯಕ ಸಭೆಯ ಸ್ಥಾನಗಳು 68ಕ್ಕೆ ಏರಿದುವು, 44 ಚುನಾವಣೆಯಿಂದ. ನಾಲ್ವಡಿ ಕೃಷ್ಣರಾಜ ಒಡೆಯರು ಆ ವರುಷದ ಆಗಸ್ಟ್ 3ರಂದು ತೀರಿಕೊಂಡರು. ಗುಂಡಪ್ಪನವರ ಸದಸ್ಯತ್ವವೂ ಆ ವರುಷಕ್ಕೆ ಮುಗಿಯಿತು. ಸಭೆಯನ್ನು ಬಿಟ್ಟವರು ಚರ್ಚೆಯನ್ನು ಬಿಡಲಿಲ್ಲ. 1945ರ ಫೆಬ್ರವರಿಯಲ್ಲಿ, ಗೋಖಲೆಯವರು ತೀರಿಕೊಂಡು ಮೂವತ್ತು ವರುಷಗಳಾದಾಗ, ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯು ಏರ್ಪಟ್ಟಿತು. ಮಸೂದೆಗಳನ್ನು ಓದುವುದು, ಆಯವ್ಯಯವನ್ನು ಪರೀಕ್ಷಿಸುವುದು, ರಾಜ್ಯಾಂಗವನ್ನು ಯುವಕರಿಗೆ ವಿವರಿಸುವುದು ಅಲ್ಲಿಯ ಕೆಲಸ. ಆಣೆ ಮಾಡಿದ ಸದಸ್ಯರಿಲ್ಲ, ಅಧ್ಯಕ್ಷಪೀಠದ ಮೇಲೆ ದಿವಾನರಿಲ್ಲ, ಇಂಥ ವಿಷಯವು ಹೊರಗೆಂಬ ನಿಯಮವಿಲ್ಲ. ಬೇಲಿಯಿಲ್ಲದ ಮೇಲ್ಮನೆಯೊಂದನ್ನು ಅವರು ತಾವೇ ಕಟ್ಟಿಕೊಂಡರೆಂದು ಹೇಳಿದರೆ ತಪ್ಪಾಗಲಾರದು. 1970ರಲ್ಲಿ ನಾಡಿನವರು ಗೌರವದಿಂದ ಅರ್ಪಿಸಿದ ಒಂದು ಲಕ್ಷ ರೂಪಾಯಿಯನ್ನು ಅವರು ಈ ಸಂಸ್ಥೆಗೇ ಕೊಟ್ಟುಬಿಟ್ಟರು.

1947ರ ಅಕ್ಟೋಬರ್ 25ರಂದು ಚೆಂಗಲರಾಯ ರೆಡ್ಡಿಯವರು ಮೈಸೂರಿನ ಮೊದಲ ಜವಾಬ್ದಾರಿ ಸರ್ಕಾರದ ಮುಖ್ಯಮಂತ್ರಿಗಳಾದರು. ಪ್ರಜಾಪ್ರತಿನಿಧಿ ಸಭೆಯೂ ಹಳೆಯ ನ್ಯಾಯವಿಧಾಯಕ ಸಭೆಯೂ 1949ರ ಡಿಸೆಂಬರಿನಲ್ಲಿ ವಿಸರ್ಜನೆಯಾದುವು. 1952ರ ಮೇ 13ರಂದು ದೆಹಲಿಯಲ್ಲಿ ರಾಜ್ಯಸಭೆಯು ಮೊದಲ ಸಲ ಕೂಡಿದಾಗ ಮೈಸೂರಿನ ಸದಸ್ಯರನ್ನು ಕಳುಹಿಸಿದವರು ಮಹಾರಾಜರಲ್ಲ, ಜನರು ಆರಿಸಿದ ವಿಧಾನಸಭೆಯವರು. ಆ ಸದಸ್ಯರಲ್ಲಿ ಕ್ಯಾಸಂಬಳ್ಳಿಯ ರೆಡ್ಡಿಯವರಿದ್ದರು. ನೆಹರೂ ಅವರ ಮಂತ್ರಿಮಂಡಲದಲ್ಲಿ ಉತ್ಪಾದನೆಯ ಖಾತೆಯನ್ನು ವಹಿಸಿದ್ದರು. ಅರವತ್ತೈದು ವರುಷದ ಗುಂಡಪ್ಪನವರು ಬೆಂಗಳೂರಿನಲ್ಲಿ ತಮ್ಮ ಸಂಸ್ಥೆಯ ತರುಣರೊಡನೆ ಹೊಸ ರಾಜ್ಯಾಂಗದ ವಿಧಿಗಳನ್ನು ಓದಿಸುತ್ತಿದ್ದರು. ಅವರು ತೀರಿಕೊಂಡದ್ದು 1975ರಲ್ಲಿ, ಅಕ್ಟೋಬರ್ 7ರಂದು. ರಂಗಾಚಾರ್ಲು ಅವರ ಸಭೆಯು ಮೊದಲು ಕೂಡಿದ ತಾರೀಖೂ ಅದೇ.